ರಾಟ್‌ವೈಲರ್ ತರುವ ಮುಂಚೆ ಗೇಟಿನ ಚಿಲಕ ನೋಡಿ

ರಾಟ್‌ವೈಲರ್ ಮರಿ ಮಡಿಲಲ್ಲಿ ಹಾಯಾಗಿ ನಿದ್ದೆ ಹೊಡೆಯುತ್ತದೆ. ಎರಡು ವರ್ಷ ಕಳೆಯಲಿ, ಗಂಡು ನಾಯಿ 50 ಕಿಲೋ ತೂಗುತ್ತದೆ. ಅಂದರೆ ಒಂದು ಮೂಟೆ ಸಿಮೆಂಟು. ಬೆಕ್ಕು ಕಂಡು ಆ ಮೂಟೆ ಓಟ ಕಿತ್ತರೆ ಚೈನು ಹಿಡಿದವರ ಗತಿ? ವಾಕಿಂಗ್ ಕೆಲಸ ಅಜ್ಜಿಗೋ ಹೈಸ್ಕೂಲ್ ಹುಡುಗನಿಗೋ ಬೀಳುವ ಮನೆಯಾದರೆ ಬೇರೆ ತಳಿ ನೋಡಿ.

ಮೊದಲ ಕೆಲಸ ಗೇಟು. ನಮ್ಮ ಗೇಟಿನದು ಮೇಲಕ್ಕೆತ್ತಿದರೆ ತೆರೆಯುವ ಚಿಲಕ. ಒಂದು ಬೆಳಿಗ್ಗೆ ನಮ್ಮ ನಾಯಿ ಅದನ್ನು ಮೂತಿಯಿಂದಲೇ ಎತ್ತಿ ರಸ್ತೆಗಿಳಿಯಿತು. ಹಾಲಿನವರು ಸೈಕಲ್ ಬಿಸಾಕಿ ಎದುರು ಮನೆ ಕಾಂಪೌಂಡ್ ಹತ್ತಿದರು. ಪುಣ್ಯ, ಕಚ್ಚಲಿಲ್ಲ. ತಪ್ಪು ಮಾತ್ರ ನನ್ನದೇ. ಈಗ ಚಿಲಕಕ್ಕೆ ಬೀಗ, ಒಳಗಡೆ ಇನ್ನೊಂದು ಸಣ್ಣ ಗೇಟು. ಕಾಲಿಂಗ್ ಬೆಲ್ಲೂ ಹಾಲಿನ ಚೀಲವೂ ಗೇಟಿನ ಹೊರಗೆ.

ಆಮೇಲೆ ಮರಿ. ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ ಎಂದು 2017ರ ನಿಯಮವೇ ಇದೆ. ತಾಯಿ ನಾಯಿಯನ್ನು ತೋರಿಸದವರ ಹತ್ತಿರ ಕೊಳ್ಳಬೇಡಿ. ಸುಮಾರು ಮೂರೂವರೆ ತಿಂಗಳೊಳಗೆ ಕಂಡದ್ದೆಲ್ಲ ಮರಿಗೆ ಮಾಮೂಲಿ ಅನಿಸುತ್ತದೆ. ಹೆಲ್ಮೆಟ್ ಹಾಕಿದವರು, ಕೊಡೆ, ಆಟೋ ಸದ್ದು, ಕುಕ್ಕರ್ ಸೀಟಿ, ಪಕ್ಕದ ಮನೆ ಮಕ್ಕಳು, ಎಲ್ಲ ಪರಿಚಯವಾಗಲಿ. ಲಸಿಕೆ ಮುಗಿಯುವ ತನಕ ನೆಲಕ್ಕೆ ಬಿಡದೆ ಎತ್ತಿಕೊಂಡೇ ತೋರಿಸಿ.

‘ಯಾವಾಗ್ಲೂ ಕಟ್ಟಿ ಹಾಕಿ, ಆಗ ಚುರುಕಾಗುತ್ತೆ’ ಅನ್ನುವವರು ಬೀದಿಗೊಬ್ಬರು ಸಿಗುತ್ತಾರೆ. ಕೇಳಬೇಡಿ. ದಿನವಿಡೀ ಕಟ್ಟಿದ ನಾಯಿ ಚುರುಕಾಗುವುದಿಲ್ಲ, ಪುಕ್ಕಲಾಗುತ್ತದೆ. ಪುಕ್ಕಲು ನಾಯಿಯೇ ಹೆಚ್ಚು ಕಚ್ಚುವುದು. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಹಾಗೆ ಕಟ್ಟಿಡುವುದು ಅಪರಾಧ ಕೂಡ. ಡಾಂಬರು ಕಾಯುವ ಮುಂಚೆ ಒಂದು ಸುತ್ತು, ಸಂಜೆ ಒಂದು ಸುತ್ತು ನಡೆಸಿ. ಜನ ಜಾಸ್ತಿ ಇರುವಲ್ಲಿ ಬಾಯಿಗೆ ಮಜಲ್ ಹಾಕಿ. ಎತ್ತಿಗೆ ಕುಕ್ಕೆ ಕಟ್ಟುವುದಿಲ್ಲವೇ, ಇದೂ ಹಾಗೇ.

ಊಟ ಎರಡು ಹೊತ್ತು. ತಿಂದ ತಕ್ಷಣ ಓಡಿಸಬೇಡಿ, ದೊಡ್ಡ ತಳಿಗಳಲ್ಲಿ ಹೊಟ್ಟೆ ತಿರುಚಿಕೊಳ್ಳುವ ಅಪಾಯ ಇದೆ. ಹೊಟ್ಟೆ ಉಬ್ಬಿ, ವಾಂತಿಗೆ ಒದ್ದಾಡಿದರೂ ಏನೂ ಬರದಿದ್ದರೆ ನಡುರಾತ್ರಿಯಾದರೂ ಡಾಕ್ಟರ ಹತ್ತಿರ ಓಡಿ.

ಈ ತಳಿ ನಿಷೇಧ ಆಗಿದೆ ಅಲ್ವಾ ಎಂದು ಹಲವರು ಕೇಳುತ್ತಾರೆ. 2024ರ ಮಾರ್ಚ್‌ನಲ್ಲಿ ಕೇಂದ್ರದ ಸುತ್ತೋಲೆ ಬಂದದ್ದು ನಿಜ. ಏಪ್ರಿಲ್‌ನಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ರದ್ದು ಮಾಡಿತು. ಹಾಗಂತ ನಿಶ್ಚಿಂತೆ ಬೇಡ. ನಿಮ್ಮ ಅಜಾಗ್ರತೆಯಿಂದ ನಾಯಿ ಯಾರಿಗಾದರೂ ಅಪಾಯ ತಂದರೆ ಭಾರತೀಯ ನ್ಯಾಯ ಸಂಹಿತೆಯ 291ನೇ ಸೆಕ್ಷನ್ ಇದೆ: ಆರು ತಿಂಗಳವರೆಗೆ ಜೈಲು, ಐದು ಸಾವಿರದವರೆಗೆ ದಂಡ, ಇಲ್ಲವೇ ಎರಡೂ.

ಮೂರು ತಿಂಗಳಿಗೆ ರೇಬೀಸ್ ಲಸಿಕೆ ಹಾಕಿಸಿ, ಆಮೇಲೆ ಡಾಕ್ಟರು ಹೇಳಿದಂತೆ ಪ್ರತಿ ವರ್ಷ. ಇಷ್ಟಾಗಿಯೂ ಯಾರಿಗಾದರೂ ಹಲ್ಲು ತಾಗಿದರೆ ಅರಿಶಿನ, ಸುಣ್ಣ ಏನೂ ಮೆತ್ತಬೇಡಿ. ಹರಿಯುವ ನೀರಲ್ಲಿ ಸೋಪು ಹಾಕಿ 15 ನಿಮಿಷ ತೊಳೆಯಿರಿ. ನಂತರ ನೀವೇ ಅವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ, ನಾಯಿಯ ಲಸಿಕೆ ಪುಸ್ತಕವೂ ಕೈಯಲ್ಲಿರಲಿ.