ಮೊದಲು ಕಪ್ಪು-ಬಿಳುಪು, ಬಣ್ಣ ಆಮೇಲೆ: ಎಡಿಟಿಂಗ್‌ನಲ್ಲಿ ನನ್ನ ಅನುಭವ

ಹೋದ ತಿಂಗಳು ಲ್ಯಾಬಿನಿಂದ ಒಂದು ಆಲ್ಬಮ್ ಬಂತು. 40 ಪುಟ, ಇನ್ನೂರು ಚಿಲ್ಲರೆ ಫೋಟೋ. ಒಂದನ್ನೂ ಮತ್ತೆ ಪ್ರಿಂಟ್ ಹಾಕಿಸಬೇಕಾಗಲಿಲ್ಲ. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಫೋಟೋ ಎಡಿಟ್ ಮಾಡಿದ್ದು ನಾನಲ್ಲ, ನನ್ನ ಹತ್ತಿರ ಕೆಲಸ ಕಲಿಯಲು ಬಂದ ಇಬ್ಬರು ಹೊಸಬರು. ಅವರು ಬಂದು ನಾಲ್ಕು ತಿಂಗಳೂ ಆಗಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಅವರಿಗೆ ನಾನು ಹೇಳಿಕೊಟ್ಟ ಕ್ರಮ ಕೇಳಿ ಈ ಕಸುಬಿನಲ್ಲಿರುವ ಗೆಳೆಯರು ತಲೆ ಅಲ್ಲಾಡಿಸಿದ್ದರು. "ಬಣ್ಣದ ಫೋಟೋವನ್ನು ಬಣ್ಣ ತೆಗೆದು ಎಡಿಟ್ ಮಾಡೋದಾ? ಕಣ್ಣು ಕಟ್ಟಿಕೊಂಡು ದಾರಿ ಹುಡುಕಿದ ಹಾಗೆ" ಎಂದರು. ಒಬ್ಬರಂತೂ ಹುಡುಗರ ಟೈಮ್ ಹಾಳು ಮಾಡಬೇಡ ಎಂದು ಗಂಭೀರವಾಗಿಯೇ ಬುದ್ಧಿ ಹೇಳಿದರು.

ಕ್ರಮ ಇಷ್ಟೇ. ರಾ ಫೈಲ್ (ಕ್ಯಾಮೆರಾ ಹಿಡಿದ ಕಚ್ಚಾ ಫೈಲ್) ತೆರೆದು ವೈಟ್ ಬ್ಯಾಲೆನ್ಸ್, ಅಂದರೆ ಬಿಳಿ ಬಿಳಿಯಾಗಿಯೇ ಕಾಣುವ ಹೊಂದಾಣಿಕೆ, ಅಂದಾಜಿಗೆ ಸರಿ ಮಾಡಿ, ಬಣ್ಣವನ್ನು ಪೂರ್ತಿ ಮುಚ್ಚಿಬಿಡುತ್ತೇವೆ. ಕ್ರಾಪ್, ಎಕ್ಸ್‌ಪೋಷರ್, ಹೈಲೈಟ್, ಶ್ಯಾಡೋ, ಕಾಂಟ್ರಾಸ್ಟ್, ಡಾಡ್ಜ್ (ಬೇಕಾದ ಜಾಗವನ್ನಷ್ಟೇ ತಿಳಿ ಮಾಡುವುದು) ಮತ್ತು ಬರ್ನ್ (ಗಾಢ ಮಾಡುವುದು), ಎಲ್ಲವೂ ಕಪ್ಪು-ಬಿಳುಪಿನಲ್ಲೇ ಮುಗಿಯಬೇಕು. ಅಲ್ಲಿ ಫೋಟೋ ನಿಂತ ಮೇಲೆ ಬಣ್ಣ ತೆರೆಯುತ್ತೇವೆ. ಬಣ್ಣಕ್ಕೆ ಒಂದು ನಿಮಿಷ, ಜಾಸ್ತಿ ಎಂದರೆ ಎರಡು.

ಇಲ್ಲಿಗೆ ಬರಲು ನನಗೆ ಆರೇಳು ವರ್ಷ ಬೇಕಾಯಿತು. ಹಣವೂ ಬಹಳ ಹೋಯಿತು.

ಶುರುವಿನಲ್ಲಿ ನಾನೂ ಎಲ್ಲರ ಹಾಗೆ ಬಣ್ಣ ಗಾಢ ಮಾಡುವ ಸ್ಯಾಚುರೇಷನ್ ಮತ್ತು ಅಂಚುಗಳನ್ನು ಎತ್ತಿ ತೋರಿಸುವ ಕ್ಲ್ಯಾರಿಟಿ ಹಿಡಿದು ಎಳೆಯುತ್ತಿದ್ದೆ. ಕ್ಲ್ಯಾರಿಟಿ 60ರ ಹತ್ತಿರ ಇಟ್ಟ ಫೋಟೋಗಳು ಇನ್ನೂ ನನ್ನ ಡಿಸ್ಕ್‌ನಲ್ಲಿವೆ. ತಲೆಯ ಸುತ್ತ ಬಿಳಿ ಅಂಚು ಎದ್ದು ಕಾಣುತ್ತದೆ. ಆಮೇಲೆ ಪ್ರೀಸೆಟ್, ಅಂದರೆ ಬೇರೆಯವರು ಮಾಡಿಟ್ಟ ಸಿದ್ಧ ಸೆಟ್ಟಿಂಗ್, ಕೊಳ್ಳುವ ಹುಚ್ಚು ಹಿಡಿಯಿತು. ಒಟ್ಟು ಐದೋ ಆರೋ ಕಟ್ಟು ಕೊಂಡೆ. ಅದಕ್ಕೆ ಹಾಕಿದ ದುಡ್ಡಿನಲ್ಲಿ ಒಂದು ಒಳ್ಳೆಯ ಲೆನ್ಸ್ ಬರುತ್ತಿತ್ತು. ಪ್ರೀಸೆಟ್ ಮಾಡಿದವರ ಬೆಳಕೇ ಬೇರೆ, ನನ್ನ ಬೆಳಕೇ ಬೇರೆ. ಅವರದ್ದು ಸಂಜೆಯ ಬಿಸಿಲು, ನನ್ನದು ಹಾಲ್ ಒಳಗಿನ ಟ್ಯೂಬ್‌ಲೈಟ್. ಕೂಡಿಬರುವುದು ಹೇಗೆ?

ಅದಕ್ಕಿಂತ ದೊಡ್ಡ ಪೆಟ್ಟು ಮಾನಿಟರ್‌ನಿಂದ ಬಿತ್ತು. ಹೆಚ್ಚು ಕಡಿಮೆ ಕ್ಯಾಮೆರಾ ಬಾಡಿಯಷ್ಟೇ ಬೆಲೆ ಕೊಟ್ಟು ದೊಡ್ಡದೊಂದು ಮಾನಿಟರ್ ತಂದೆ. ಡಬ್ಬದಿಂದ ತೆಗೆದು ಹಾಗೇ ಇಟ್ಟು, ಲೈಟ್ ಆರಿಸಿ, ರಾತ್ರಿ ಕೂತು ಕೆಲಸ ಮಾಡಿದೆ. ಸ್ಕ್ರೀನ್ ಅಷ್ಟೊಂದು ಬೆಳಗುತ್ತಿದ್ದುದರಿಂದ ಎಲ್ಲ ಫೋಟೋ ಚೆನ್ನಾಗಿಯೇ ಕಂಡವು. ಕಾಗದಕ್ಕೆ ತನ್ನದೇ ಬೆಳಕಿಲ್ಲ ಅಲ್ವಾ? ಪ್ರಿಂಟ್ ಬಂದಾಗ ಮುಖಗಳೆಲ್ಲ ಮಸಿ ಬಳಿದ ಹಾಗಿದ್ದವು. ಪೂರ್ತಿ ಆಲ್ಬಮ್ ನನ್ನ ಕೈಯಿಂದ ದುಡ್ಡು ಹಾಕಿ ಮತ್ತೆ ಮಾಡಿಸಿದೆ. ಆ ತಿಂಗಳ ದುಡಿಮೆಯಲ್ಲಿ ಮುಕ್ಕಾಲು ಪಾಲು ಅದಕ್ಕೇ ಹೋಯಿತು. ಆಮೇಲೆ ಸ್ಕ್ರೀನ್‌ನ ಬೆಳಕು, ಬಣ್ಣ ಅಳೆಯುವ ಕ್ಯಾಲಿಬ್ರೇಟರ್ ಎರವಲು ತಂದು ಅಳೆದರೆ ಬ್ರೈಟ್‌ನೆಸ್ ಚದರ ಮೀಟರ್‌ಗೆ 300 ಕ್ಯಾಂಡೆಲಾ ದಾಟಿತ್ತು. ಈಗ 100ರ ಆಸುಪಾಸಿನಲ್ಲಿ ಇಡುತ್ತೇನೆ.

ಕ್ಯಾಲಿಬ್ರೇಟರ್ ಇಲ್ಲದಿದ್ದರೂ ನಡೆಯುತ್ತದೆ. ಸ್ಕ್ರೀನ್‌ನಲ್ಲಿ ಖಾಲಿ ಬಿಳಿ ಪುಟ ತೆರೆಯಿರಿ. ಪಕ್ಕದಲ್ಲಿ ಒಂದು ಬಿಳಿ ಹಾಳೆ ಹಿಡಿದು ಅದರ ಮೇಲೆ ಒಳ್ಳೆಯ ದೀಪದ ಬೆಳಕು ಬೀಳಲಿ. ಎರಡೂ ಒಂದೇ ಥರ ಕಾಣುವವರೆಗೆ ಬ್ರೈಟ್‌ನೆಸ್ ಇಳಿಸಿ. ಹೊಸಬರಿಗೆ ಮೊದಲ ದಿನ ನಾನು ಮಾಡಿಸುವ ಕೆಲಸ ಇದು. ಸ್ಲೈಡರ್ ಮುಟ್ಟುವುದು ಎರಡನೇ ದಿನ. ನನಗೂ ಇದನ್ನು ಯಾರಾದರೂ ಮೊದಲೇ ಹೇಳಿದ್ದರೆ ಹಳೆಯ ಮಾನಿಟರೇ ಸಾಕಾಗುತ್ತಿತ್ತು.

ಕೋಣೆಯ ಬಗ್ಗೆಯೂ ಒಂದು ಮಾತು. ನನ್ನ ಬೆನ್ನ ಹಿಂದೆ ಕಿತ್ತಳೆ ಬಣ್ಣದ ಪರದೆ ಇತ್ತು. ಹಗಲು ಮಾಡಿದ ಎಡಿಟ್‌ಗಳೆಲ್ಲ ಸ್ವಲ್ಪ ನೀಲಿಗೆ ತಿರುಗುತ್ತಿದ್ದವು, ಯಾಕೆಂದು ಗೊತ್ತಾಗುತ್ತಿರಲಿಲ್ಲ. ಒಂದೇ ಫೋಟೋವನ್ನು ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಹಳದಿ ಬಲ್ಬಿನಲ್ಲಿ, ಹೀಗೆ ಒಂದು ವಾರ ಮತ್ತೆ ಮತ್ತೆ ಎಡಿಟ್ ಮಾಡಿ ಪಕ್ಕಪಕ್ಕ ಇಟ್ಟು ನೋಡಿದೆ. ಮೂರು ಹೊತ್ತಿಗೆ ಮೂರು ಬಣ್ಣದ ಚರ್ಮ! ಪರದೆ ತೆಗೆದು ಬೂದು ಬಟ್ಟೆ ಹಾಕಿದೆ, ಹಗಲಿನಂಥ ಬಿಳಿ ಬೆಳಕಿನ 5000 ಕೆಲ್ವಿನ್ ಬಲ್ಬ್ ಹಾಕಿದೆ. ಅಂದಿನಿಂದ ಆ ಕಾಟ ಇಲ್ಲ.

ಕಪ್ಪು-ಬಿಳುಪಿನ ದಾರಿ ಸಿಕ್ಕಿದ್ದು ಆಕಸ್ಮಿಕವಾಗಿ. ಹಸಿರು ಬೇಲಿಯ ಮುಂದೆ ಕೆಂಪು ಉಡುಪಿನಲ್ಲಿ ನಿಂತ ಹೆಣ್ಣುಮಗಳ ಫೋಟೋ ಒಂದಿತ್ತು. ನನಗೆ ಬಹಳ ಇಷ್ಟವಾದ ಫೋಟೋ. ಅವರಿಗೆ ಅದೇ ಫೋಟೋ ಕಪ್ಪು-ಬಿಳುಪಿನಲ್ಲಿಯೂ ಬೇಕಾಗಿತ್ತು. ಬಣ್ಣ ತೆಗೆದೆ. ಉಡುಪೂ ಬೇಲಿಯೂ ಒಂದೇ ಬೂದು. ಮುಖ ಅದರಲ್ಲಿ ಮುಳುಗಿಹೋಗಿತ್ತು. ಅಲ್ಲಿಯವರೆಗೆ ಕೆಂಪು-ಹಸಿರು ಜಗಳವೇ ಆ ಫೋಟೋವನ್ನು ಎತ್ತಿ ಹಿಡಿದಿತ್ತು, ಬೆಳಕಲ್ಲ. ಆವತ್ತು ಮುಖದ ಮೇಲೆ ಡಾಡ್ಜ್, ಬೇಲಿಯ ಮೇಲೆ ಬರ್ನ್ ಮಾಡಿ ಕಪ್ಪು-ಬಿಳುಪನ್ನು ಸರಿ ಮಾಡಿಕೊಟ್ಟೆ. ಸುಮ್ನೆ ನೋಡೋಣ ಎಂದು ಬಣ್ಣ ಮತ್ತೆ ತೆರೆದರೆ, ಮೊದಲಿನ ಬಣ್ಣದ ಎಡಿಟ್‌ಗಿಂತ ಇದೇ ಚೆನ್ನಾಗಿತ್ತು. ಬಹಳ ಚೆನ್ನಾಗಿತ್ತು. ಫಿಲ್ಮ್ ಕಾಲದಲ್ಲಿ ಕತ್ತಲೆ ಕೋಣೆಯಲ್ಲಿ ಪ್ರಿಂಟ್ ಹಾಕುತ್ತಿದ್ದವರು ಕಡ್ಡಿಗೆ ಅಂಟಿಸಿದ ರಟ್ಟಿನ ತುಂಡು ಮತ್ತು ಅಂಗೈಯಿಂದ ಬೆಳಕು ತಡೆದು ಇದೇ ಕೆಲಸ ಮಾಡುತ್ತಿದ್ದರು. ಫೋಟೋಶಾಪ್‌ನ ಡಾಡ್ಜ್, ಬರ್ನ್ ಗುರುತಿನ ಚಿತ್ರಗಳಲ್ಲಿ ಇರುವುದು ಆ ಕಡ್ಡಿ ಮತ್ತು ಆ ಕೈಯೇ.

ಆದರೆ ಇದನ್ನು ದಿನದ ಕೆಲಸಕ್ಕೆ ತಂದಾಗ ಎರಡು ಸಲ ಮುಗ್ಗರಿಸಿದೆ.

ಮೊದಲನೆಯದು ಬಣ್ಣ ತೆಗೆಯುವ ರೀತಿ. ನಾನು ಫೋಟೋಶಾಪ್‌ನ ಡಿಸ್ಯಾಚುರೇಟ್ ಎಂಬ ಆಯ್ಕೆ ಬಳಸುತ್ತಿದ್ದೆ. ಅದು ಅಪ್ಪಟ ಕೆಂಪು, ಹಸಿರು, ನೀಲಿ, ಹಳದಿ ಎಲ್ಲವನ್ನೂ ಒಂದೇ ಬೂದು ಮಾಡಿಬಿಡುತ್ತದೆ. ಹಳದಿ ಕಣ್ಣಿಗೆ ಎಷ್ಟು ತಿಳಿ, ನೀಲಿ ಎಷ್ಟು ಗಾಢ! ಆ ಸುಳ್ಳು ಬೂದನ್ನು ನಂಬಿ ಎಡಿಟ್ ಮಾಡಿದರೆ ಬಣ್ಣ ತೆರೆದಾಗ ಎಲ್ಲ ತಲೆಕೆಳಗು. ಈಗ ಎಲ್ಲದರ ಮೇಲೆ ಒಂದು ಕಪ್ಪು ಲೇಯರ್ (ಪದರ) ಹಾಕಿ, ಅದು ಕೆಳಗಿನದರ ಜೊತೆ ಬೆರೆಯುವ ರೀತಿಯನ್ನು, ಅಂದರೆ ಬ್ಲೆಂಡ್ ಮೋಡ್ ಅನ್ನು, ಕಲರ್‌ಗೆ ಇಡುತ್ತೇನೆ. ಲೇಯರ್ ಪಕ್ಕದ ಕಣ್ಣಿನ ಗುರುತು ಒತ್ತಿದರೆ ಬಣ್ಣ, ಮತ್ತೆ ಒತ್ತಿದರೆ ಕಪ್ಪು-ಬಿಳುಪು. ನಮ್ಮ ಹೊಸಬರಲ್ಲಿ ಒಬ್ಬ ಮನೆಯಲ್ಲಿ ಗಿಂಪ್ ಎಂಬ ಪುಕ್ಕಟೆ ಸಾಫ್ಟ್‌ವೇರ್‌ನಲ್ಲಿ ಮಾಡುತ್ತಾನೆ, ಅಲ್ಲಿ ಎಲ್‌ಸಿಎಚ್ ಕಲರ್ ಮೋಡ್ ಸರಿಹೊಂದುತ್ತದೆ. ದುಡ್ಡು ಕೊಟ್ಟ ಸಾಫ್ಟ್‌ವೇರೇ ಬೇಕೆಂದಿಲ್ಲ. ರಾ ಫೈಲ್‌ಗೆ ಡಾರ್ಕ್‌ಟೇಬಲ್ ಇದೆ, ಅದೂ ಪುಕ್ಕಟೆ.

ಎರಡನೆಯದು ಇನ್ನೂ ಕಾಡಿತು. ಕಪ್ಪು-ಬಿಳುಪಿನಲ್ಲಿ ಕರ್ವ್ (ತಿಳಿ-ಗಾಢ ಬದಲಿಸುವ ಗೆರೆ) ಎಳೆದು ಕಾಂಟ್ರಾಸ್ಟ್ ಮುದ್ದಾಗಿ ಕೂರಿಸಿರುತ್ತಿದ್ದೆ. ಬಣ್ಣ ತೆರೆದ ಕೂಡಲೇ ಕೆಂಪು, ಹಳದಿಗಳು ಕಿರುಚುತ್ತಿದ್ದವು. ಕೆಂಪು, ಹಸಿರು, ನೀಲಿ ಮೂರೂ ಚಾನೆಲ್ ಒಟ್ಟಿಗೆ ಎಳೆದಾಗ ಕಾಂಟ್ರಾಸ್ಟ್ ಜೊತೆಗೆ ಬಣ್ಣವೂ ಏರುತ್ತದೆ. ಗೊತ್ತಿದ್ದ ವಿಷಯವೇ, ಆದರೆ ಬಣ್ಣ ಮುಚ್ಚಿರುವಾಗ ಅದು ಏರುವುದು ಕಾಣುವುದಿಲ್ಲ. ಒಂದು ತಿಂಗಳು ಈ ಕ್ರಮವನ್ನೇ ಬಿಟ್ಟುಬಿಟ್ಟೆ. ಈ ದಾರಿಯೇ ತಪ್ಪು ಅನ್ನಿಸಿತ್ತು. ಆಮೇಲೆ ಕರ್ವ್ ಲೇಯರ್ ಅನ್ನು, ಬಣ್ಣ ಬಿಟ್ಟು ಬೆಳಕನ್ನಷ್ಟೇ ಬದಲಿಸುವ ಲ್ಯುಮಿನಾಸಿಟಿ ಮೋಡ್‌ಗೆ ಹಾಕಿ ನೋಡಿದೆ. ಕಿರುಚಾಟ ನಿಂತಿತು. ಆದರೆ ಈಗ ಚರ್ಮ ಸ್ವಲ್ಪ ಸಪ್ಪೆ. ಕೊನೆಗೆ ಒಂದೇ ಕರ್ವ್‌ನ ಎರಡು ಪ್ರತಿ ಇಟ್ಟೆ, ಒಂದು ನಾರ್ಮಲ್, ಒಂದು ಲ್ಯುಮಿನಾಸಿಟಿ, ಎರಡಕ್ಕೂ ಬೇರೆ ಬೇರೆ ಒಪ್ಯಾಸಿಟಿ (ಲೇಯರ್ ಎಷ್ಟು ಗಟ್ಟಿಯಾಗಿ ಕಾಣಬೇಕೆಂಬ ಅಂಕಿ). ಆ ಎರಡು ಅಂಕಿ ಮಾತ್ರ ಕೇಳಬೇಡಿ. ನನ್ನ ಫೋಟೋಗಳಲ್ಲಿ ಚರ್ಮದ ಬಣ್ಣ ಬರುವ ರೀತಿ ನೋಡಿಯೇ ಕೆಲಸ ಕೊಡುವವರಿದ್ದಾರೆ, ಅದು ನನ್ನ ಹೊಟ್ಟೆಪಾಡು. ಕೂತು ಹುಡುಕಿದರೆ ನಿಮಗೂ ಸಿಗುತ್ತದೆ.

ಚರ್ಮಕ್ಕೆ ಹೊಸಬರು ಇಟ್ಟುಕೊಳ್ಳಬಹುದಾದ ಅಳತೆ ಒಂದಿದೆ. ಸಹಜ ಬೆಳಕಿನಲ್ಲಿ ಬಣ್ಣದ ಅಂಕಿ ತೋರಿಸುವ ಐಡ್ರಾಪರ್ ಅನ್ನು ಕೆನ್ನೆಯ ಮೇಲೆ ಇಟ್ಟರೆ ಕೆಂಪಿನ ಅಂಕಿ ಎಲ್ಲಕ್ಕಿಂತ ಮೇಲೆ, ಹಸಿರು ನಡುವೆ, ನೀಲಿ ಕೆಳಗೆ ಇರಬೇಕು. ಬಿಳಿ ಚರ್ಮವಿರಲಿ, ಕಪ್ಪು ಚರ್ಮವಿರಲಿ, ಈ ಸಾಲು ಸಾಮಾನ್ಯವಾಗಿ ಬದಲಾಗುವುದಿಲ್ಲ. ನೀಲಿ ಹಸಿರನ್ನು ದಾಟಿದರೆ ಮುಖಕ್ಕೆ ಕಾಯಿಲೆ ಕಳೆ ಬರುತ್ತದೆ.

ಚರ್ಮ ನುಣುಪು ಮಾಡುವ ಫ್ರೀಕ್ವೆನ್ಸಿ ಸೆಪರೇಷನ್ ಎಂಬ ವಿಧಾನದ ಹಿಂದೆಯೂ ಎರಡು ತಿಂಗಳು ಓಡಿದ್ದೆ. ಒಬ್ಬ ತಾಯಿ ಮಗಳ ಫೋಟೋ ನೋಡಿ, "ಕೆನ್ನೆ ಮೇಲಿನ ಮಚ್ಚೆ ಎಲ್ಲಿ ಹೋಯ್ತು?" ಎಂದು ಕೇಳಿದರು. ಧ್ವನಿಯಲ್ಲಿ ಸಿಟ್ಟಿರಲಿಲ್ಲ, ನೋವಿತ್ತು. ಈಗ ಮೊಡವೆ ತೆಗೆಯುತ್ತೇನೆ, ಮಚ್ಚೆ ಮುಟ್ಟುವುದಿಲ್ಲ. ಮೊಡವೆಗೆ ಬೇರೆ ಲೇಯರ್‌ನಲ್ಲಿ ಕಲೆ ಅಳಿಸುವ ಹೀಲಿಂಗ್ ಬ್ರಷ್ ಸಾಕು.

ಕಲರ್ ಸ್ಪೇಸ್‌ನಲ್ಲೂ, ಅಂದರೆ ಫೈಲಿನ ಬಣ್ಣದ ಅಂಕಿಗಳನ್ನು ಓದುವ ಪದ್ಧತಿಯಲ್ಲೂ, ಒಂದು ಸಲ ಕೈ ಸುಟ್ಟುಕೊಂಡೆ. ಅಡೋಬ್ ಆರ್‌ಜಿಬಿಯಲ್ಲಿ ಎಕ್ಸ್‌ಪೋರ್ಟ್ ಮಾಡಿ ಕಳಿಸಿದೆ, ಲ್ಯಾಬಿನವರು ಅದನ್ನು ಎಸ್‌ಆರ್‌ಜಿಬಿ ಎಂದುಕೊಂಡು ಹಾಕಿದರು. ಇಪ್ಪತ್ತು ದೊಡ್ಡ ಪ್ರಿಂಟ್, ಎಲ್ಲ ಮಂಕು. ಲ್ಯಾಬ್ ಬೇರೇನೂ ಹೇಳದಿದ್ದರೆ ಎಸ್‌ಆರ್‌ಜಿಬಿಯಲ್ಲೇ ಕಳಿಸಿ. ಅಳತೆ 300 ಪಿಪಿಐ (ಇಂಚಿಗೆ 300 ಪಿಕ್ಸೆಲ್), ಅಂದರೆ 8×12 ಇಂಚಿಗೆ 2400×3600 ಪಿಕ್ಸೆಲ್. ಶಾರ್ಪನಿಂಗ್ ಆ ಅಳತೆಗೆ ತಂದ ಮೇಲೆ, 100 ಪರ್ಸೆಂಟ್ ಜೂಮ್‌ನಲ್ಲಿ ನೋಡಿಕೊಂಡೇ ಮಾಡಿ.

ಲೆಕ್ಕ ಹೇಳಬೇಕೆಂದರೆ, ಮೊದಲು ಒಂದು ಫೋಟೋಗೆ 12 ನಿಮಿಷದಷ್ಟು ಹಿಡಿಯುತ್ತಿತ್ತು. ಈಗ 5 ನಿಮಿಷ. ಬಣ್ಣ ಮುಚ್ಚಿದಾಗ ಏನು ತಪ್ಪಿದೆ ಎಂಬುದು ಬೇಗ ಕಣ್ಣಿಗೆ ಬೀಳುತ್ತದೆ, ಹಿಂದೆ ಮುಂದೆ ಓಡಾಟ ಕಡಿಮೆ. ಇನ್ನೂರು ಫೋಟೋದ ಒಂದು ಆಲ್ಬಮ್‌ಗೆ 20 ಗಂಟೆಗಿಂತ ಜಾಸ್ತಿ ಉಳಿಯುತ್ತದೆ. ಮೊದಲು ಆಲ್ಬಮ್‌ಗೆ ಹತ್ತು ಹದಿನೈದು ಪ್ರಿಂಟ್ ಮತ್ತೆ ಹಾಕಿಸುವುದು ಮಾಮೂಲಾಗಿತ್ತು. ಹೋದ ಆರು ತಿಂಗಳಲ್ಲಿ ಎಲ್ಲ ಸೇರಿ ಮೂರೋ ನಾಲ್ಕೋ ಆಗಿರಬಹುದು. ಬುದ್ಧಿ ಹೇಳಿದ್ದ ಆ ಗೆಳೆಯರೇ ಈಗ ತಮ್ಮ ಹುಡುಗನನ್ನು ನನ್ನ ಹತ್ತಿರ ವಾರಕ್ಕೊಮ್ಮೆ ಕಳಿಸುತ್ತಿದ್ದಾರೆ.

ಈ ಕ್ರಮ ಸೋಲುವ ಜಾಗ ಒಂದಿದೆ. ವೇದಿಕೆಯ ನೀಲಿ ಎಲ್‌ಇಡಿ ಬೆಳಕು. ನೀಲಿ ಚಾನೆಲ್ ಮಿತಿ ಮುಟ್ಟಿ ವಿವರ ಕಳೆದುಕೊಂಡಿರುತ್ತದೆ, ಕೆಂಪಿನಲ್ಲಿ ಏನೂ ಇರುವುದಿಲ್ಲ. ಕಪ್ಪು-ಬಿಳುಪಿಗೆ ತಂದರೆ ಮುಖ ಬರೀ ಕಪ್ಪು ಮುದ್ದೆ. ಹಸಿರು ಚಾನೆಲ್‌ನಲ್ಲಿ ಮಾತ್ರ ಸ್ವಲ್ಪ ಜೀವ ಇರುತ್ತದೆ. ಮುಂದಿನ ತಿಂಗಳು ಅಂಥದ್ದೇ ಒಂದು ಕಾರ್ಯಕ್ರಮ ಒಪ್ಪಿಕೊಂಡಿದ್ದೇನೆ. ಹಸಿರು ಚಾನೆಲ್ ಒಂದನ್ನೇ ಬೂದು ಆಧಾರವಾಗಿ ಇಟ್ಟುಕೊಂಡು ಅದರ ಮೇಲೆ ಬಣ್ಣ ಕೂರಿಸಿ ನೋಡಬೇಕು.