ಗೇರುಬೀಜ ಕಾರ್ಖಾನೆಗೊಂದು ಮೊಬೈಲ್ ಪಾಠ: ಸಿದ್ಧಪಡಿಸುವುದು ಹೇಗೆ?

ಮಂಗಳೂರು, ಕಾರ್ಕಳ, ಕುಂದಾಪುರದ ಕಡೆಯ ಗೇರುಬೀಜ ಕಾರ್ಖಾನೆಗಳಲ್ಲಿ ಹೊಸಬರನ್ನು ಸಾಮಾನ್ಯವಾಗಿ ಪಳಗಿದ ಅಕ್ಕನೊಬ್ಬರ ಪಕ್ಕ ಕೂರಿಸುತ್ತಾರೆ. ನೋಡಿ ಕಲಿಯುವುದು ಒಳ್ಳೆಯ ಪದ್ಧತಿಯೇ. ಆದರೆ ಆ ಅಕ್ಕನ ಕೂಲಿ ಕಿಲೋ ಲೆಕ್ಕದಲ್ಲಿದ್ದರೆ, ಕಲಿಸುತ್ತ ಕಳೆದ ಪ್ರತಿ ಗಳಿಗೆಯೂ ಅವರಿಗೆ ನಷ್ಟ. ಅವರ ಕೈಕೆಲಸವನ್ನು ಒಮ್ಮೆ ಮೊಬೈಲ್‌ನಲ್ಲಿ ಚಿತ್ರೀಕರಿಸಿಟ್ಟರೆ ಹತ್ತಾರು ಮಂದಿಗೆ, ಬೇಕೆಂದಾಗಲೆಲ್ಲ ತೋರಿಸಬಹುದು. ಇದಕ್ಕೆ ದುಬಾರಿ ಆ್ಯಪ್ ಬೇಡ. ಸಾಧಾರಣ ಫೋನ್, ವಾಟ್ಸ್‌ಆ್ಯಪ್ ಮತ್ತು ಸ್ವಲ್ಪ ತಾಳ್ಮೆ ಸಾಕು.

ಒಂದು ಪಾಠಕ್ಕೆ ಒಂದೇ ವಿಷಯ

‘ನಮ್ಮ ಕಾರ್ಖಾನೆಯ ಪರಿಚಯ’ ಎಂಬ ಅರ್ಧ ಗಂಟೆಯ ವಿಡಿಯೊವನ್ನು ಯಾರೂ ಪೂರ್ತಿ ನೋಡುವುದಿಲ್ಲ. ಹೊಸಬರು ಎಲ್ಲಿ ತಪ್ಪುತ್ತಾರೆ ಎಂದು ಮೇಸ್ತ್ರಿಯನ್ನೂ ಹಿರಿಯ ಕೆಲಸಗಾರರನ್ನೂ ಕೇಳಿ ಪಟ್ಟಿ ಮಾಡಿ. ಮೊದಲ ಪಾಠ ಸುರಕ್ಷತೆಯದ್ದೇ ಆಗಿರಲಿ. ಗೇರುಬೀಜದ ಹೊರಸಿಪ್ಪೆಯ ಎಣ್ಣೆ ಚರ್ಮವನ್ನು ಸುಡುತ್ತದೆ. ಆದ್ದರಿಂದ ಹೊರಸಿಪ್ಪೆ ಒಡೆಯುವ ಕಟ್ಟಿಂಗ್ ವಿಭಾಗದಲ್ಲಿ ಕೈಗವಸು ಹಾಕುವ ಕ್ರಮವನ್ನು, ಎಣ್ಣೆ ತಾಗಿದ ಕೈಯಿಂದ ಕಣ್ಣು ಮುಖ ಮುಟ್ಟಬಾರದೆಂಬುದನ್ನು ಮೊದಲ ದಿನವೇ ಕಲಿಸಬೇಕು. ಕೆಲಸದ ಪಾಠಗಳು ಆಮೇಲೆ. ಉದಾಹರಣೆಗೆ, ಬೋರ್ಮಾದಲ್ಲಿ, ಅಂದರೆ ತಿರುಳು ಒಣಗಿಸುವ ಬಿಸಿಗೂಡಿನಲ್ಲಿ, ಒಣಗಿ ಬಂದ ತಿರುಳಿಗೆ ಅಂಟಿಕೊಂಡ ಕೆಂಪು ಹೊಟ್ಟನ್ನು ಚೂರಿಯಿಂದ ಒತ್ತದೆ, ತಿರುಳು ಒಡೆಯದಂತೆ ಕೆರೆದು ತೆಗೆಯುವುದು ಒಂದು ಪಾಠ. ಇಡೀ ಬೀಜಕ್ಕೆ ಸಿಗುವ ಬೆಲೆ ಒಡೆದ ತುಂಡುಗಳಿಗೆ ಸಿಗುವುದಿಲ್ಲವಾದ್ದರಿಂದ ಈ ಒಂದು ನಿಮಿಷದ ಪಾಠಕ್ಕೆ ತುಂಬ ತೂಕವಿದೆ.

ಚಿತ್ರೀಕರಣ

ಮುಖ ತೋರಿಸುವ ಅಗತ್ಯವಿಲ್ಲ, ಕೈ ಕಂಡರೆ ಸಾಕು. ಕೆಲಸ ಮಾಡುವವರ ಭುಜದ ಹಿಂದಿನಿಂದ ಹಿಡಿದರೆ, ನೋಡುವವರಿಗೆ ತಮ್ಮದೇ ಕೈಯನ್ನು ನೋಡಿದಂತೆ ಎಡ ಬಲ ಸರಿಯಾಗಿ ಕಾಣುತ್ತದೆ. ಎದುರಿನಿಂದ ತೆಗೆದರೆ ಎಲ್ಲವೂ ತಿರುಗುಮುರುಗು. ಫೋನನ್ನು ಕೈಯಲ್ಲಿ ಹಿಡಿಯಬೇಡಿ, ಏನಕ್ಕಾದರೂ ಕಟ್ಟಿ ನಿಲ್ಲಿಸಿ. ಕೆಲಸವನ್ನು ಮೊದಲು ಮಾಮೂಲಿ ವೇಗದಲ್ಲಿ, ಮತ್ತೊಮ್ಮೆ ನಿಧಾನವಾಗಿ ಮಾಡಿಸಿ. ಒಟ್ಟು ಒಂದೂವರೆ ನಿಮಿಷ ಮೀರದಿರಲಿ.

ಬಣ್ಣದ ವಿಷಯದಲ್ಲಿ ಎಚ್ಚರಿಕೆ ಬೇಕು. ಬಿಳಿ ತಿರುಳನ್ನೂ ಕಂದು ಛಾಯೆ ಬಂದದ್ದನ್ನೂ ಬೇರ್ಪಡಿಸುವುದು ಗ್ರೇಡಿಂಗ್‌ನ ಜೀವಾಳ. ಮೊಬೈಲ್ ಕ್ಯಾಮೆರಾವಾದರೋ ಬೆಳಕಿಗೆ ತಕ್ಕಂತೆ ಬಣ್ಣವನ್ನು ತಾನಾಗಿಯೇ ಬದಲಿಸಿಬಿಡುತ್ತದೆ. ಹಳದಿ ಬಲ್ಬಿನ ಕೆಳಗೆ ತೆಗೆದ ಚಿತ್ರದಲ್ಲಿ ಒಳ್ಳೆಯ ಬೀಜವೂ ಸೀದಂತೆ ಕಾಣಬಹುದು. ಹಗಲು ಬೆಳಕಿನಲ್ಲಿ, ಬಿಳಿ ಹಾಳೆಯೊಂದನ್ನು ಬೀಜದ ಪಕ್ಕದಲ್ಲಿಟ್ಟು ಚಿತ್ರೀಕರಿಸಿದರೆ ಹೋಲಿಕೆಗೆ ಆಧಾರ ಸಿಗುತ್ತದೆ. ಅಷ್ಟಾದರೂ ಒಬ್ಬೊಬ್ಬರ ಫೋನಿನ ಪರದೆ ಒಂದೊಂದು ರೀತಿ. ಹೀಗಾಗಿ ಬಣ್ಣವನ್ನು ಮೊಬೈಲ್‌ನಿಂದ ಕಲಿಸುವ ಹಟ ಬೇಡ. ಮಾದರಿ ಬೀಜಗಳ ತಟ್ಟೆಯನ್ನು ಮೇಜಿನ ಮೇಲೆ ಇಟ್ಟೇ ಕಲಿಸಿ.

ಯಾವ ಭಾಷೆಯಲ್ಲಿ?

ಕೆಲಸದ ಮನೆಯಲ್ಲಿ ಮಾತಾಡುವ ಭಾಷೆಯಲ್ಲಿ. ನಮ್ಮಲ್ಲಿ ಅದು ತುಳುವೋ ಕೊಂಕಣಿಯೋ ಬ್ಯಾರಿಯೋ ಆಗಿರಬಹುದು, ಹೊರ ರಾಜ್ಯದವರಿದ್ದರೆ ಹಿಂದಿ. ದೃಶ್ಯ ಒಂದೇ ಇರಲಿ, ಧ್ವನಿಯನ್ನು ಬೇರೆ ಬೇರೆಯಾಗಿ ಸೇರಿಸಿ. ಯಂತ್ರದ ಸದ್ದಿನ ನಡುವೆ ರೆಕಾರ್ಡ್ ಮಾಡಿದ ಮಾತು ಯಾರಿಗೂ ಕೇಳಿಸದು. ಕೋಣೆಯೊಂದರ ಬಾಗಿಲು ಮುಚ್ಚಿಕೊಂಡು, ಕೈಕೆಲಸ ತೋರಿಸಿದ ಅಕ್ಕನಿಂದಲೇ ಹೇಳಿಸಿ. ಬರೆದು ಕೊಟ್ಟದ್ದನ್ನು ಓದಿಸಬೇಡಿ, ಪಕ್ಕದಲ್ಲಿ ಕೂತ ಹುಡುಗಿಗೆ ಹೇಳುವಂತೆ ಹೇಳಲಿ. ಗೂಗಲ್ ಟ್ರಾನ್ಸ್‌ಲೇಟ್‌ಗೆ 2024ರಲ್ಲಿ ತುಳುವೂ ಸೇರಿದೆಯಾದರೂ, ಯಂತ್ರ ಕೊಟ್ಟ ವಾಕ್ಯವನ್ನು ತುಳು ಬಲ್ಲ ಕೆಲಸಗಾರರು ಕೇಳಿ ಒಪ್ಪದೆ ಬಳಸಬಾರದು. ಧ್ವನಿ, ಕೈ ಯಾರದೇ ಇರಲಿ, ಅವರ ಒಪ್ಪಿಗೆ ಪಡೆಯಿರಿ. ಪಾಠದ ಕೊನೆಯಲ್ಲಿ ಅವರಿಷ್ಟದಂತೆ ಹೆಸರನ್ನೂ ಹಾಕಿ.

ತಲುಪಿಸುವುದು

ಎಲ್ಲರನ್ನೂ ಒಂದೇ ವಾಟ್ಸ್‌ಆ್ಯಪ್ ಗುಂಪಿಗೆ ಸೇರಿಸುವುದು ಸುಲಭ. ಆದರೆ ಹಾಗೆ ಮಾಡಿದಾಗ ಹೆಣ್ಣುಮಕ್ಕಳ ಫೋನ್ ನಂಬರು ಎಲ್ಲರ ಕೈಗೂ ಸಿಗುತ್ತದೆ. ಇದು ಸಣ್ಣ ವಿಷಯವಲ್ಲ. ಬ್ರಾಡ್‌ಕಾಸ್ಟ್ ಪಟ್ಟಿ ಮಾಡಿದರೆ ಪ್ರತಿಯೊಬ್ಬರಿಗೂ ಸಂದೇಶ ಪ್ರತ್ಯೇಕವಾಗಿ ಹೋಗುತ್ತದೆ, ಒಬ್ಬರ ನಂಬರು ಇನ್ನೊಬ್ಬರಿಗೆ ಕಾಣುವುದಿಲ್ಲ. ಒಂದು ಪಟ್ಟಿಗೆ 256 ಮಂದಿಯವರೆಗೆ ಸೇರಿಸಬಹುದು. ಅವರು ನಿಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಉಳಿಸಿಕೊಂಡಿದ್ದರೆ ಮಾತ್ರ ಸಂದೇಶ ತಲುಪುತ್ತದೆ ಎಂಬುದು ನೆನಪಿರಲಿ. ಆಟಿ ತಿಂಗಳ ಮಳೆಗೆ ಕರೆಂಟು, ನೆಟ್‌ವರ್ಕ್ ಎರಡೂ ಕೈಕೊಡುವ ಊರುಗಳಿವೆ. ಸ್ಮಾರ್ಟ್‌ಫೋನ್ ಇಲ್ಲದವರೂ ಇದ್ದಾರೆ. ಕಾರ್ಖಾನೆಯಲ್ಲಿ ಒಂದು ಟ್ಯಾಬ್ ಇಟ್ಟು ಪಾಠಗಳನ್ನೆಲ್ಲ ಅದರಲ್ಲಿ ತುಂಬಿಸಿಟ್ಟರೆ ಯಾರೂ ಹೊರಗುಳಿಯುವುದಿಲ್ಲ. ಆದರೆ ಅದನ್ನು ಗ್ರೇಡಿಂಗ್ ನಡೆಯುವ ಕೋಣೆಯೊಳಗೆ ಒಯ್ಯಬೇಡಿ, ಗಾಜಿನ ಪರದೆ ಒಡೆದರೆ ಚೂರು ಆಹಾರಕ್ಕೆ ಸೇರುವ ಅಪಾಯವಿದೆ. ಏಪ್ರನ್, ಟೋಪಿ ಹಾಕಿಕೊಳ್ಳುವ ಕೋಣೆಯೇ ಟ್ಯಾಬ್‌ಗೆ ಸರಿಯಾದ ಜಾಗ.

ಮರುದಿನದ ಪ್ರಶ್ನೆ

ಹೆಚ್ಚಿನವರು ವಿಡಿಯೊ ಕಳಿಸಿ ಕೈತೊಳೆದುಕೊಳ್ಳುತ್ತಾರೆ. ನನ್ನ ಪ್ರಕಾರ ಪಾಠ ಆರಂಭವಾಗುವುದೇ ಅಲ್ಲಿಂದ. ಕಲಿತದ್ದು ಎಷ್ಟು ಬೇಗ ಮರೆಯುತ್ತದೆ ಎಂಬುದನ್ನು ಜರ್ಮನಿಯ ಮನೋವಿಜ್ಞಾನಿ ಹರ್ಮನ್ ಎಬಿಂಗ್‌ಹೌಸ್ 1885ರಲ್ಲೇ ತನ್ನ ಮೇಲೆಯೇ ಪ್ರಯೋಗ ಮಾಡಿ ತೋರಿಸಿದ್ದರು. 2006ರಲ್ಲಿ ಅಮೆರಿಕದ ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕ್ ಪ್ರಕಟಿಸಿದ ಅಧ್ಯಯನ ಇನ್ನಷ್ಟು ಉಪಯುಕ್ತ. ಪಠ್ಯವನ್ನು ಮತ್ತೆ ಮತ್ತೆ ಓದಿದವರಿಗೆ ಐದು ನಿಮಿಷದ ನಂತರ ಹೆಚ್ಚು ನೆನಪಿತ್ತು. ವಾರದ ನಂತರ ಮಾತ್ರ, ಓದಿದ್ದನ್ನು ನೆನಪಿಸಿಕೊಂಡು ಬರೆದವರೇ ಮುಂದಿದ್ದರು.

ಆದ್ದರಿಂದ ಮರುದಿನ, ಮೂರು ದಿನ ಬಿಟ್ಟು, ಮತ್ತೆ ವಾರದ ನಂತರ ಒಂದೊಂದು ಪ್ರಶ್ನೆ ಕೇಳಿ. ಎರಡು ತಿರುಳಿನ ಚಿತ್ರ ಕಳಿಸಿ, ಯಾವುದರಲ್ಲಿ ಚೂರಿಯ ಗಾಯವಿದೆ ಎಂದು ಕೇಳಬಹುದು. ಬರೆಯಲು ಕಷ್ಟಪಡುವವರು ಧ್ವನಿ ಸಂದೇಶದಲ್ಲಿ ಉತ್ತರಿಸಲಿ. ತಪ್ಪು ಉತ್ತರವನ್ನು ಎಲ್ಲರೆದುರು ತೋರಿಸಬೇಡಿ. ಒಮ್ಮೆ ಮುಜುಗರವಾದವರು ಮತ್ತೆ ಉತ್ತರಿಸುವುದಿಲ್ಲ.

ನಿಜವಾದ ಪರೀಕ್ಷೆ ಕೈಯಲ್ಲೇ ನಡೆಯಬೇಕು. ಡಬ್ಲ್ಯೂ-320 ಎಂಬ ದರ್ಜೆ ಎಂದರೆ ಒಂದು ಪೌಂಡಿಗೆ, ಅಂದರೆ ಸುಮಾರು 454 ಗ್ರಾಂಗೆ, 300ರಿಂದ 320 ಇಡೀ ಬೀಜಗಳು. 100 ಗ್ರಾಂ ತೂಗಿದರೆ 66ರಿಂದ 70 ಸಿಗಬೇಕು. ಡಬ್ಲ್ಯೂ-240 ಆದರೆ 48ರಿಂದ 53. ಹೊಸಬರು ಬೇರ್ಪಡಿಸಿದ ರಾಶಿಯಿಂದ 100 ಗ್ರಾಂ ತೂಗಿ, ಅವರಿಂದಲೇ ಎಣಿಕೆ ಮಾಡಿಸಿ. ಲೆಕ್ಕ ತಪ್ಪಿದರೆ ಪಾಠವನ್ನು ಅಲ್ಲೇ ಮತ್ತೊಮ್ಮೆ ತೋರಿಸಿ.

ಸಮಯ ಯಾರದ್ದು?

ಮನೆಗೆ ಹೋಗಿ ವಿಡಿಯೊ ನೋಡಿ ಬನ್ನಿ ಎಂದು ದಯವಿಟ್ಟು ಹೇಳಬೇಡಿ. ಸಂಜೆ ಬಸ್ಸಿಳಿದು ಅಡುಗೆ, ಮಕ್ಕಳು, ದನಕರು ನೋಡಿಕೊಳ್ಳುವವರ ಬಿಡುವಿನ ಮೇಲೆ ಕಾರ್ಖಾನೆಗೆ ಹಕ್ಕಿಲ್ಲ. ಅವರ ಡೇಟಾ ಕೂಡ ಅವರ ದುಡ್ಡಿನದ್ದು. ಪಾಠಕ್ಕೆ ಕೆಲಸದ ಹೊತ್ತಿನಲ್ಲೇ ಹತ್ತು ನಿಮಿಷ ತೆಗೆದಿಡಿ. ಕಿಲೋ ಲೆಕ್ಕದ ಕೂಲಿಯವರಿಗೆ ಆ ಹತ್ತು ನಿಮಿಷಕ್ಕೆ ಅವರ ಸರಾಸರಿ ಗಳಿಕೆಯಂತೆ ಹಣ ಸೇರಿಸಿ. ಪಾಠ ಹೇಳಿಕೊಟ್ಟ ಅಕ್ಕನಿಗೂ ಚಿತ್ರೀಕರಣಕ್ಕೆ ಹಿಡಿದ ಹೊತ್ತಿನ ಕೂಲಿ ಸಲ್ಲಬೇಕು.

ಯಂತ್ರ ಬದಲಾದಾಗ ಹಳೆಯ ಪಾಠವನ್ನು ಟ್ಯಾಬ್‌ನಿಂದ ಅಳಿಸಿ, ಹೊಸದು ತಯಾರಾಗುವವರೆಗೆ ಆ ಕೆಲಸವನ್ನು ಪಕ್ಕದಲ್ಲಿ ಕೂರಿಸಿಯೇ ಕಲಿಸಿ. ಫೈಲಿನ ಹೆಸರಿನಲ್ಲಿ ತಿಂಗಳು, ವರ್ಷ ಇದ್ದರೆ ಯಾವುದು ಹಳತೆಂದು ಹುಡುಕುವ ತೊಂದರೆ ಇರುವುದಿಲ್ಲ.