ಹಿಮಾಲಯಕ್ಕೆ ಹೊರಟಿದ್ದೀರಾ? ಮೊದಲು ಗಡಿಯಾರ ನೋಡೋದು ಕಲಿಯಿರಿ

ಕುಮಾರ ಪರ್ವತ ಹತ್ತಿದ್ದೀವಿ, ಮಳೆಗಾಲದಲ್ಲಿ ಕೊಡಚಾದ್ರಿಯ ಜಾರುವ ದಾರಿಯಲ್ಲಿ ಜಿಗಣೆ ಕಚ್ಚಿಸಿಕೊಂಡು ನಡೆದಿದ್ದೀವಿ, ಇನ್ನು ಹಿಮಾಲಯ ಏನು ಮಹಾ ಅಂತ ಹೊರಡುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಾನೂ ಹಾಗೇ ಹೊರಟವನು. ನಮಗೆ ಮಳೆ ಗೊತ್ತು, ಹೊಳೆ ಗೊತ್ತು, ಗುಡುಗು ಸಿಡಿಲೂ ಗೊತ್ತು. ಆದರೆ ಅಲ್ಲಿನ ಲೆಕ್ಕ ಬೇರೆ. ನಮ್ಮೂರ ಹೊಳೆ ಮಳೆ ಬಂದರೆ ಏರುತ್ತದೆ. ಅಲ್ಲಿನ ಹೊಳೆ ಬಿಸಿಲು ಬಂದರೂ ಏರುತ್ತದೆ.

ಹಿಮನದಿ ಅಂದರೆ ಗ್ಲೇಸಿಯರ್, ನಿಧಾನಕ್ಕೆ ಜಾರುವ ಭಾರೀ ಮಂಜುಗಡ್ಡೆಯ ರಾಶಿ. ಅದರಿಂದ ಇಳಿಯುವ ತೊರೆಯಲ್ಲಿ ಬೆಳಗಿನ ಜಾವ ನೀರು ತೀರಾ ಕಡಿಮೆ. ರಾತ್ರಿಯ ಚಳಿಗೆ ಕರಗುವುದು ನಿಂತಿರುತ್ತದೆ. ಬಿಸಿಲೇರಿ, ಹಿಮ ಕರಗಿ, ಆ ನೀರು ನಿಮ್ಮ ಕಾಲ ಬುಡಕ್ಕೆ ಬರುವಷ್ಟರಲ್ಲಿ ಮಧ್ಯಾಹ್ನ ಕಳೆದಿರುತ್ತದೆ. ಒಮ್ಮೆ ನಾವು ಬೆಳಗ್ಗೆ ಕಲ್ಲಿನಿಂದ ಕಲ್ಲಿಗೆ ಹಾರಿ ದಾಟಿದ ಹಳ್ಳ, ಮೇಲೆ ಫೋಟೊ ತೆಗೆಯುತ್ತಾ ಕಾಲ ಕಳೆದು ಸಂಜೆ ವಾಪಸ್ ಬಂದರೆ ತೊಡೆಮಟ್ಟ ಹರಿಯುತ್ತಿತ್ತು. ಟೆಂಟು, ಊಟ ಎಲ್ಲ ಆಚೆ ದಡದಲ್ಲಿ. ನಾವು ಎಷ್ಟು ಗೋಗರೆದರೂ ಗೈಡ್ ದಾಟಲು ಬಿಡಲಿಲ್ಲ. ಬಂಡೆಯ ಮರೆಯಲ್ಲಿ ನಡುಗುತ್ತಾ ಕೂತು ಅವನನ್ನು ಬೈದುಕೊಂಡೆವು. ಮರುದಿನ ಬೆಳಗ್ಗೆ ಶೂ ಕೂಡ ಸರಿಯಾಗಿ ನೆನೆಯದೆ ದಾಟಿದೆವು.

ದಾಟಲೇಬೇಕು ಅಂದರೆ ಅಗಲವಾದ ಜಾಗ ಹುಡುಕಿ. ಹೊಳೆ ನಾಲ್ಕಾರು ಕವಲಾಗಿ ಹರಡಿದ ಕಡೆ ಆಳ ಕಡಿಮೆ. ಕಿರಿದಾದ ಜಾಗ ನೋಡಲು ಸುಲಭ, ಆದರೆ ಅಲ್ಲೇ ಆಳ, ಅಲ್ಲೇ ಸೆಳವು. ಬ್ಯಾಗಿನ ಸೊಂಟದ ಮತ್ತು ಎದೆಯ ಪಟ್ಟಿ ಬಿಚ್ಚಿ, ಬಿದ್ದರೆ ಬ್ಯಾಗು ಕಳಚಿಹೋಗಬೇಕು, ನಿಮ್ಮನ್ನು ಎಳೆದುಕೊಂಡು ಹೋಗಬಾರದು. ಶೂ ತೆಗೆಯಬೇಡಿ. ನೀರು ಬರುವ ಕಡೆಗೆ ಮುಖ ಮಾಡಿ, ಕೋಲು ಊರಿ, ಒಂದು ಹೆಜ್ಜೆ ಗಟ್ಟಿಯಾದ ಮೇಲೆ ಇನ್ನೊಂದು. ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ದಾಟುವ ಸಾಹಸ ಬೇಡ, ಬಿದ್ದವನನ್ನು ಅದೇ ಹಗ್ಗ ನೀರಿನ ಅಡಿಗೆ ಹಿಡಿದಿಡುತ್ತದೆ. ಜೋರಾಗಿ ಹರಿಯುವ ನೀರು ಬರೀ 15 ಸೆಂಟಿಮೀಟರ್ ಇದ್ದರೂ ಮನುಷ್ಯನನ್ನು ಬೀಳಿಸಬಲ್ಲದು. ಮೊಣಕಾಲು ಮುಟ್ಟುವ ಸೆಳವು ಕಂಡರೆ ನಾನಂತೂ ಇಳಿಯುವುದಿಲ್ಲ.

ನೀರಿನ ಬಣ್ಣದ ಬಗ್ಗೆ ಒಂದು ಮಾತು. ಹಿಮನದಿಯ ನೀರು ಸಾಮಾನ್ಯವಾಗಿ ಅಕ್ಕಿ ತೊಳೆದ ನೀರಿನಂತೆ ಬೆಳ್ಳಗೆ ಮಬ್ಬಾಗಿರುತ್ತದೆ. ಹಿಮನದಿ ತನ್ನ ಅಡಿಯ ಬಂಡೆಯನ್ನು ಉಜ್ಜಿ ಮಾಡಿದ ಹಿಟ್ಟು ಅದು. ಅದಕ್ಕೆ ಹೆದರಬೇಕಿಲ್ಲ. ಬೆಳ್ಳಗಿದ್ದದ್ದು ದಿಢೀರನೆ ಕಂದಾದರೆ, ಕಡ್ಡಿ ಕಸ ತೇಲಿಬಂದರೆ, ತಳದಲ್ಲಿ ಕಲ್ಲು ಉರುಳುವ ಸದ್ದು ಕೇಳಿದರೆ ಹೆದರಬೇಕು. ಇನ್ನೊಂದು ಇದೆ, ಇದನ್ನು ಬಹಳ ಜನ ಖುಷಿಯ ಸಂಗತಿ ಅಂದುಕೊಳ್ಳುತ್ತಾರೆ. ಕಾರಣವಿಲ್ಲದೆ ನೀರು ಇದ್ದಕ್ಕಿದ್ದ ಹಾಗೆ ಇಳಿದುಹೋಗುವುದು. ಮೇಲೆಲ್ಲೋ ಗುಡ್ಡ ಜರಿದು ನೀರು ಕಟ್ಟಿಕೊಂಡಿರಬಹುದು, ಅದು ಯಾವಾಗ ಒಡೆಯುತ್ತದೋ ಹೇಳಲಾಗದು. ಹೊಳೆಯ ಗುಂಟ ಓಡಬೇಡಿ, ಪಕ್ಕದ ದಿಣ್ಣೆ ಹತ್ತಿ.

ತಲೆ ಮೇಲೆ ಮೋಡ ಇಲ್ಲ ಅಂತ ನಂಬಿ ಕೂರುವ ಹಾಗೂ ಇಲ್ಲ. 2021ರ ಫೆಬ್ರವರಿ 7, ಉತ್ತರಾಖಂಡದ ಚಮೋಲಿ ಜಿಲ್ಲೆ. ಬೆಳಗಿನ ಹೊತ್ತು, ಮಳೆಯ ಸುಳಿವೂ ಇರಲಿಲ್ಲ. ರೋಂಟಿ ಶಿಖರದ ಪಕ್ಕದಿಂದ ಬಂಡೆ ಮತ್ತು ಹಿಮದ ದೊಡ್ಡ ತುಂಡು ಕಳಚಿ ಬಿತ್ತು, ರಿಷಿಗಂಗಾ ಮತ್ತು ಧೌಲಿಗಂಗಾ ಕೆಸರಾಗಿ ಉಕ್ಕಿದವು, 200ಕ್ಕೂ ಹೆಚ್ಚು ಜನ ಸತ್ತರು ಅಥವಾ ಕಾಣೆಯಾದರು. ಅಣೆಕಟ್ಟಿನ ಕೆಳಗಿನ ಹೊಳೆಗೂ ಇದೇ ಎಚ್ಚರ ಬೇಕು. 2014ರ ಜೂನ್‌ನಲ್ಲಿ ಹಿಮಾಚಲದ ಬಿಯಾಸ್ ನದಿಯ ಬಂಡೆಗಳ ಮೇಲೆ ನಿಂತಿದ್ದ ಹೈದರಾಬಾದಿನ 24 ವಿದ್ಯಾರ್ಥಿಗಳು ಲಾರ್ಜಿ ಅಣೆಕಟ್ಟಿನಿಂದ ಬಿಟ್ಟ ನೀರಿನಲ್ಲಿ ಕೊಚ್ಚಿಹೋದರು. ನದಿಪಾತ್ರದ ಮರಳ ಮೇಲೆ ಟೆಂಟ್ ಹಾಕಿದರೆ ಫೋಟೊ ಚೆನ್ನಾಗಿ ಬರುತ್ತದೆ. ಹಾಕಬೇಡಿ, ಅಷ್ಟೇ.

ಇನ್ನು ಹಿಮ. ನಾವು ಹಿಮ ಕಂಡವರಲ್ಲ, ಹಾಗಾಗಿ ಕಂಡ ಕೂಡಲೇ ಮಕ್ಕಳಾಗಿಬಿಡುತ್ತೇವೆ. ಆಡಿ, ಆದರೆ ಮೇಲಿನ ಇಳಿಜಾರನ್ನು ನೋಡಿಕೊಂಡು ಆಡಿ. ಹಿಮಕುಸಿತ ಜಾಸ್ತಿ ಆಗುವುದು 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ. ಅದಕ್ಕಿಂತ ಕಡಿದಾದ ಕಡೆ ಹಿಮ ಬಿದ್ದ ಹಾಗೇ ಸುರಿದುಹೋಗುತ್ತದೆ, ಹೆಚ್ಚು ಕೂರುವುದಿಲ್ಲ. ಅಳೆಯಲು ಕೋಲನ್ನು ಇಳಿಜಾರಿನ ಮೇಲೆ ಮಲಗಿಸಿ, ಅದರ ಮೇಲೆ ಫೋನ್ ಇಟ್ಟು, ಗಾರೆಯವರ ರಸಮಟ್ಟದಂತೆ ಕೋನ ತೋರಿಸುವ ಆ್ಯಪ್ ತೆರೆದರೆ ಸಾಕು. ಅಳೆಯೋದು ಅಪಾಯವಿಲ್ಲದ ಅಂಚಿನಲ್ಲಿ, ಇಳಿಜಾರಿನ ನಡುವೆ ಹೋಗಿ ಅಲ್ಲ.

ಹಿಮ ಕುಸಿಯೋದು ಹೇಗೆ ಅಂದರೆ, ಜೋಳದ ರೊಟ್ಟಿ ಒಂದರ ಮೇಲೊಂದು ಪೇರಿಸಿ ನಡುವೆ ಒಂದು ಪದರ ಸಕ್ಕರೆ ಹಾಕಿ ತಟ್ಟೆ ಓರೆ ಮಾಡಿ ನೋಡಿ. ಮೇಲಿನ ಪದರ ಗಟ್ಟಿಯಾಗಿಯೇ ಕಾಣುತ್ತದೆ, ಕೆಳಗಿನದು ಉದುರುದುರು, ನಿಮ್ಮ ಭಾರ ಬಿದ್ದೊಡನೆ ಇಡೀ ಹಾಳೆ ಜಾರುತ್ತದೆ. ಜನ ಸಿಕ್ಕಿಬೀಳುವ ಇಂಥ ಕುಸಿತಗಳಲ್ಲಿ ಹೆಚ್ಚಿನವನ್ನು ಶುರು ಮಾಡುವುದು ಅವರೇ ಅಥವಾ ಅವರ ಜೊತೆಯವರೇ. ಕಾಲಡಿಯಲ್ಲಿ 'ಧುಸ್' ಅಂತ ಹಿಮ ಕುಸಿದ ಸದ್ದು ಬಂದರೆ, ಹೆಜ್ಜೆಯಿಂದ ಬಿರುಕು ಓಡಿದರೆ ವಾಪಸ್ ಬನ್ನಿ. ಜೋರು ಹಿಮ ಬಿದ್ದ ಮೇಲೆ ಒಂದೆರಡು ದಿನ ಕಡಿದಾದ ದಾರಿಯ ಸಹವಾಸವೇ ಬೇಡ. ದಾಟುವಾಗ ಒಬ್ಬೊಬ್ಬರಾಗಿ. ಹೂತುಹೋದವರು ಬದುಕುವ ಸಾಧ್ಯತೆ ಮೊದಲ 15 ನಿಮಿಷದ ನಂತರ ಬೇಗ ಬೇಗ ಇಳಿಯುತ್ತದೆ, ಅಷ್ಟರಲ್ಲಿ ಹೆಲಿಕಾಪ್ಟರ್ ಬರುವುದಿಲ್ಲ, ಅಗೆಯಬೇಕಾದವರು ಜೊತೆಗಿದ್ದವರೇ. ತರಬೇತಿ ಇದ್ದರೆ ಆಗೋದಿಲ್ಲ ಅಂತಲೂ ಇಲ್ಲ. 2022ರ ಅಕ್ಟೋಬರ್ 4ರಂದು ಉತ್ತರಾಖಂಡದ ದ್ರೌಪದಿ ಕಾ ದಂಡಾ ಶಿಖರದಲ್ಲಿ ಹಿಮಕುಸಿತಕ್ಕೆ ಸಿಕ್ಕಿದ್ದು ಪರ್ವತಾರೋಹಣ ಕಲಿಯುತ್ತಿದ್ದ ತಂಡವೇ.

ಹವಾಮಾನಕ್ಕೂ ಗಡಿಯಾರವೇ. ಬೆಳಗ್ಗೆ ಆಕಾಶ ನೀಲಿ. 10, 11ರ ಹೊತ್ತಿಗೆ ಹೂಕೋಸಿನಂಥ ಮೋಡಗಳು ಮೇಲಕ್ಕೆ ಬೆಳೆಯತೊಡಗಿದರೆ ಮಧ್ಯಾಹ್ನ ಏನೋ ಕಾದಿದೆ ಅಂತಲೇ ಅರ್ಥ. 1,000 ಮೀಟರ್ ಏರಿದರೆ ಸುಮಾರು 6.5 ಡಿಗ್ರಿ ತಂಪು. ಉತ್ತರಕಾಶಿ ಪಟ್ಟಣ ಸುಮಾರು 1,150 ಮೀಟರ್ ಎತ್ತರದಲ್ಲಿದೆ. ಅಲ್ಲಿ 30 ಡಿಗ್ರಿ ಬೆವರು ಸುರಿಸಿದ ದಿನವೂ 4,500 ಮೀಟರ್‌ನಲ್ಲಿ ಲೆಕ್ಕಕ್ಕೆ 8 ಡಿಗ್ರಿ ಇರುತ್ತದೆ. ಗಾಳಿ, ಒದ್ದೆ ಬಟ್ಟೆ ಸೇರಿದರೆ ಮೈಗೆ ಅದು ಸೊನ್ನೆಗೂ ಕೆಳಗೆ. 2024ರ ಜೂನ್ ಆರಂಭದಲ್ಲಿ ಉತ್ತರಾಖಂಡದ ಸಹಸ್ತ್ರ ತಾಲ್ ಚಾರಣಕ್ಕೆ ಹೋಗಿದ್ದ, ಬಹುತೇಕ ನಮ್ಮ ರಾಜ್ಯದವರೇ ಇದ್ದ 22 ಜನರ ತಂಡ ಹಿಮಗಾಳಿಗೆ ಸಿಕ್ಕಿ 9 ಮಂದಿ ತೀರಿಕೊಂಡರು. ಅನುಭವಿಗಳೂ ಇದ್ದ ತಂಡ ಅದು. ಯಾರದು ತಪ್ಪು ಅಂತ ಇಲ್ಲಿ ಕೂತು ಹೇಳುವುದು ನನ್ನಿಂದಾಗದು. ಜೂನ್ ಅಂದರೆ ಬೇಸಿಗೆ ಅಂತ ನಂಬುವುದನ್ನು ಮಾತ್ರ ಅಂದಿಗೆ ಬಿಟ್ಟೆ.

ಹಾಗಾಗಿ ಹೊರಡುವ ಮೊದಲೇ ವಾಪಸ್ ತಿರುಗುವ ಗಂಟೆ ಗೊತ್ತು ಮಾಡಿ. 12 ಅಂದರೆ 12, ಶಿಖರ ಕೈಗೆಟುಕುವಷ್ಟು ಹತ್ತಿರ ಇದ್ದರೂ ಸರಿ. ಜೀನ್ಸ್, ಕಾಟನ್ ಬನಿಯನ್ ಮನೆಯಲ್ಲಿರಲಿ. ಜೊತೆಯವರು ಜಿಪ್ ಹಾಕಲು ತಡವರಿಸಿದರೆ, ಮಾತು ತೊದಲಿದರೆ, ವಾಚಾಳಿ ಸುಮ್ಮನಾದರೆ ದಣಿವು ಅಂತ ತಳ್ಳಿಹಾಕಬೇಡಿ, ಚಳಿಗೆ ಮೈಯ ಬಿಸಿಯೇ ಇಳಿಯುತ್ತಿರಬಹುದು. ಒದ್ದೆ ಬಟ್ಟೆ ಬಿಚ್ಚಿಸಿ, ಸ್ಲೀಪಿಂಗ್ ಬ್ಯಾಗಿನೊಳಗೆ ತೂರಿಸಿ, ಎಚ್ಚರ ಇದ್ದರೆ ಬಿಸಿ ಸಿಹಿ ಚಹಾ ಕೊಡಿ. ರಮ್ ಮಾತ್ರ ಬೇಡ, ಅದು ಮೈಯ ಬಿಸಿಯನ್ನು ಹೊರಗೆ ಹಾಕುತ್ತದೆ.

ಮಿಂಚಿದ ಮೇಲೆ ಗುಡುಗು ಕೇಳುವ ತನಕ ಎಣಿಸಿ, 3 ಸೆಕೆಂಡಿಗೆ ಒಂದು ಕಿಲೋಮೀಟರ್. 30ರೊಳಗೆ ಕೇಳಿದರೆ ಬೆಟ್ಟದ ಏಣು ಬಿಟ್ಟು ಕೆಳಗಿಳಿಯಿರಿ, ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಕಾಯಿರಿ. ಸಿಡಿಲಿಗೆ ದಾಮಿನಿ ಆ್ಯಪ್ ಇದೆ, ಹವಾಮಾನ ಇಲಾಖೆಯ ಹಳದಿ, ಕಿತ್ತಳೆ, ಕೆಂಪು ಎಚ್ಚರಿಕೆಗಳೂ ಇವೆ. ಮೇಲೆ ಸಿಗ್ನಲ್ ಸಿಗುವುದಿಲ್ಲ, ಕೆಳಗಿರುವಾಗಲೇ ನೋಡಿ ಬರೆದುಕೊಳ್ಳಿ.

ಚಾರಣದ ಕಂಪನಿಯವರಿಗೆ ಹಣ ಕಟ್ಟುವ ಮೊದಲು ಕೇಳಬೇಕಾದ್ದು ಊಟದಲ್ಲಿ ಮೊಟ್ಟೆ ಇದೆಯಾ ಅಂತಲ್ಲ. ತಿರುಗುವ ಗಂಟೆ ಎಷ್ಟು, ಹವಾ ಕೆಟ್ಟರೆ ಕಾಯಲು ಹೆಚ್ಚುವರಿ ದಿನ ಇದೆಯಾ, ಸ್ಯಾಟಲೈಟ್ ಫೋನೋ ವೈರ್‌ಲೆಸ್ಸೋ ಏನಿದೆ ಅಂತ ಕೇಳಿ. ಮತ್ತೆ ದೆಹಲಿಯಿಂದ ವಾಪಸ್ ಬರುವ ಟಿಕೆಟ್ಟನ್ನು ಎರಡು ದಿನ ಆಚೆಯ ತಾರೀಖಿಗೇ ಮಾಡಿಸಿ. ಸೋಮವಾರ ಆಫೀಸಿಗೆ ಹೋಗಲೇಬೇಕು ಅನ್ನುವವರೇ ಸಂಜೆ 4ಕ್ಕೆ ಹಳ್ಳ ದಾಟೋಣ ಅಂತ ಹಟ ಹಿಡಿಯೋದು.